ಮುಂದಿನ ಸಾಲಿನಲ್ಲಿ ಯಾರು? ಹಾಡಿನ ವಿಡಿಯೊ ಮತ್ತು ಹೆಣ್ಣಿನ ಮೈಬಣ್ಣ

(ಸಂಘದ ಮಹಿಳಾ ವಿಭಾಗ ಏರ್ಪಡಿಸಿದ್ದ ಮಹಿಳಾ ದಿನಾಚರಣೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನನ್ನು ಮಾತಿಗೆ ಕರೆದವರು, "ಟೀಚರ್, ವಿಷಯ ನಿಮ್ಮಿಷ್ಟ. ಆದರೆ 20 ನಿಮಿಷದೊಳಗೆ ಮುಗಿಸಿ, ಆಮೇಲೆ ಊಟ ಇದೆ" ಎಂದಿದ್ದಾರೆ. ಮುಂಬಯಿಯಲ್ಲಿ 26 ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳಿದವಳು ನಾನು. ಗಂಟೆ ಹೊಡೆಯುವ ಮೊದಲು ಪಾಠ ಮುಗಿಸುವ ಅಭ್ಯಾಸ ಇದೆ, ಹೆದರಬೇಡಿ.

ಇವತ್ತು ನಾನು ಆರಿಸಿಕೊಂಡಿರುವ ವಿಷಯ ಹಾಡಿನ ವಿಡಿಯೊಗಳಲ್ಲಿ ಹೆಣ್ಣಿನ ಮೈಬಣ್ಣ. ಮಹಿಳಾ ದಿನಕ್ಕೆ ಇದೆಂಥ ವಿಷಯ ಅಂತ ಕೆಲವರಿಗೆ ಅನ್ನಿಸಬಹುದು. ಶಿಕ್ಷಣ, ಆರೋಗ್ಯ, ಉದ್ಯೋಗದ ಬಗ್ಗೆ ಪ್ರತಿವರ್ಷ ಮಾತಾಡುತ್ತೇವೆ, ಮಾತಾಡಬೇಕು ಕೂಡ. ಆದರೆ ನಮ್ಮ ಮನೆಯ ಹೆಣ್ಣುಮಗು ದಿನಕ್ಕೆ ಎಷ್ಟು ಸಲ ಹಾಡಿನ ವಿಡಿಯೊ ನೋಡುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ. ಸಿನಿಮಾ ಆದರೆ ಒಂದು ಸಲ ನೋಡಿ ಮುಗಿಯುತ್ತದೆ. ಹಾಡು ಹಾಗಲ್ಲ. ಊಟ ಮಾಡಿಸುವಾಗ ಅದೇ ಹಾಡು, ಬರ್ತ್‌ಡೇ ಪಾರ್ಟಿಯಲ್ಲಿ ಅದೇ, ಗಣೇಶೋತ್ಸವದ ಪೆಂಡಾಲಿನಲ್ಲಿ ಅದೇ, ನಮ್ಮ ರಾಜ್ಯೋತ್ಸವದ ತಾಲೀಮಿನಲ್ಲಿ ಅದೇ. ಮೂರು-ನಾಲ್ಕು ನಿಮಿಷದ ವಿಡಿಯೊದಲ್ಲಿ ಕಥೆಗೆ ಜಾಗ ಕಡಿಮೆ. ಅಲ್ಲಿ ಇರುವುದು ಒಂದು ಮುಖ, ಒಂದು ಮೈ, ಅದನ್ನು ಹೊಗಳುವ ನಾಲ್ಕು ಸಾಲು. ಚೆಂದ ಎಂದರೆ ಏನು ಎಂಬ ಪಾಠವನ್ನು ಮಗು ಅಲ್ಲಿಂದಲೇ ಕಲಿಯುತ್ತದೆ. ಅದೂ ಬಾಯಿಪಾಠ.

ಮೊದಲು ನಮ್ಮ ಮಾತಿನಿಂದಲೇ ಶುರು ಮಾಡೋಣ. ಹೆಣ್ಣು ನೋಡಿ ಬಂದವರನ್ನು "ಹುಡುಗಿ ಹೇಗಿದ್ದಾಳೆ" ಎಂದು ಕೇಳಿದರೆ, "ಲಕ್ಷಣವಾಗಿದ್ದಾಳೆ, ಬಣ್ಣ ಸ್ವಲ್ಪ ಕಮ್ಮಿ" ಎನ್ನುತ್ತೇವೆ. ಅಕ್ಕಿ ಬೇಳೆ ತೂಕದಲ್ಲಿ ಕಮ್ಮಿ ಬಂದ ಹಾಗೆ! ವಿಜ್ಞಾನದ ಪ್ರಕಾರ ಈ ಮಾತು ತಲೆಕೆಳಗು. ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಕಪ್ಪು ಮೈಯಲ್ಲಿ ಅದು ಜಾಸ್ತಿ, ಬೆಳ್ಳಗಿನ ಮೈಯಲ್ಲಿ ಕಡಿಮೆ. ಅಂದರೆ ನಿಜವಾಗಿ ಬಣ್ಣ ಹೆಚ್ಚಿರುವವಳನ್ನೇ ನಾವು ಬಣ್ಣ ಕಮ್ಮಿ ಎನ್ನುತ್ತಿದ್ದೇವೆ. ಜಾಹೀರಾತಿನಲ್ಲಿ ಬರೆಯುವಾಗ ಸಂಕೋಚವಾದರೆ "ಗೋಧಿ ಬಣ್ಣ" ಎಂದು ಬರೆಯುತ್ತೇವೆ. 2016ರಲ್ಲಿ ಬಂದ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಸಿನಿಮಾ ನಿಮಗೆ ನೆನಪಿರಬಹುದು. ಕಾಣೆಯಾದವರ ಪ್ರಕಟಣೆಯ ಆ ಮಾತು ನಮ್ಮೆಲ್ಲರ ವರ್ಣನೆಯೂ ಹೌದು. ಆದರೆ ಅಂಥ ಸಾಧಾರಣ ಬಣ್ಣದ ನಾಯಕಿ ಹಾಡಿನ ವಿಡಿಯೊದಲ್ಲಿ ಎಲ್ಲಿ ಕಾಣುತ್ತಾಳೆ?

ನಾವು ಮುಂಬಯಿಯವರು, ಹಿಂದಿ ಹಾಡು ನಮ್ಮ ಕಿವಿಗೆ ಬೀಳದ ದಿನವಿಲ್ಲ. ಹಿಂದಿ, ಪಂಜಾಬಿ ಹಾಡುಗಳಲ್ಲಿ 'ಗೋರಿ' ಎಂದರೆ ಬೆಳ್ಳಗಿರುವವಳು ಎಂದೇ ಅರ್ಥ. ಈಗ ಅದು ಹುಡುಗಿ ಎಂಬುದಕ್ಕೇ ಇನ್ನೊಂದು ಹೆಸರಾಗಿ ಹೋಗಿದೆ. 2015ರ 'ರಾಯ್' ಚಿತ್ರದ 'ಚಿಟ್ಟಿಯಾಂ ಕಲಾಯಿಯಾಂ' ಹಾಡಿಗೆ ಇಲ್ಲಿ ಕುಳಿತಿರುವ ಎಷ್ಟೋ ಮಕ್ಕಳು ಕುಣಿದಿದ್ದಾರೆ. ಆ ಹೆಸರಿನ ಅರ್ಥ ಬೆಳ್ಳನೆಯ ಮಣಿಕಟ್ಟುಗಳು. ಕಪ್ಪು ಕೈಯ ಮಗುವೂ ತನ್ನ ಮಣಿಕಟ್ಟನ್ನು ಎತ್ತಿ ತಿರುಗಿಸಿ ಅದಕ್ಕೆ ಕುಣಿಯುತ್ತದೆ. ತಾನು ಯಾರ ಕೈಯನ್ನು ಹೊಗಳುತ್ತಿದ್ದೇನೆ ಎಂದು ಅದಕ್ಕೆ ಗೊತ್ತಿರುವುದಿಲ್ಲ. ಗೊತ್ತಾದ ದಿನ ಏನಾಗುತ್ತದೆ ಎಂಬುದು ನನ್ನ ಚಿಂತೆ.

ಹಾಡು ಬರೆಯುವವರಿಗೆ ಬೇರೆ ದಾರಿಯೇ ಇರಲಿಲ್ಲವೆಂದು ಅಂದುಕೊಳ್ಳಬೇಡಿ. 1963ರ 'ಬಂದಿನಿ' ಚಿತ್ರಕ್ಕೆ ಗುಲ್ಜಾರ್ ಒಂದು ಹಾಡು ಬರೆದರು. ಎಸ್. ಡಿ. ಬರ್ಮನ್ ಸಂಗೀತ, ಲತಾ ಅವರ ದನಿ, ಪರದೆಯ ಮೇಲೆ ನೂತನ್. ಅದರಲ್ಲಿ ಹುಡುಗಿ ತನ್ನ ಬೆಳ್ಳನೆಯ ಮೈ ತೆಗೆದುಕೊಂಡು ಶ್ಯಾಮನ ಬಣ್ಣ ಕೊಡು ಎಂದು ಕೇಳುತ್ತಾಳೆ. ಪ್ರೀತಿ ಬಂದಾಗ ಕಪ್ಪನ್ನು ಬೇಡುವ ಹುಡುಗಿ! 60 ವರ್ಷದ ಹಿಂದೆ ಇಂಥ ಕಲ್ಪನೆ ಜನಪ್ರಿಯ ಹಾಡಿನಲ್ಲಿ ಬಂದಿತ್ತು, ಜನ ಮೆಚ್ಚಿಯೂ ಇದ್ದರು.

ಈಗ 2020ಕ್ಕೆ ಬರೋಣ. ಲಾಕ್‌ಡೌನ್‌ನಲ್ಲಿ ಮನೆಯೊಳಗಿದ್ದ ಆ ತಿಂಗಳುಗಳಲ್ಲಿ ಬಣ್ಣದ ವಿಷಯದಲ್ಲಿ ಒಂದರ ಹಿಂದೆ ಒಂದು ಸುದ್ದಿ ಬಂದವು. ಅಮೆರಿಕದಲ್ಲಿ ಕಪ್ಪು ಜನರ ಹೋರಾಟ ನಡೆದಿತ್ತು, ಅದರ ಬಿಸಿ ಇಲ್ಲಿಗೂ ತಟ್ಟಿತು. ಜೂನ್ ತಿಂಗಳಲ್ಲಿ ಶಾದಿ ಡಾಟ್ ಕಾಮ್ ಮೈಬಣ್ಣದ ಆಧಾರದಲ್ಲಿ ಹುಡುಕುವ ಆಯ್ಕೆಯನ್ನು ತೆಗೆದುಹಾಕಿತು. 1975ರಿಂದ ನಮ್ಮ ಬಚ್ಚಲುಮನೆಯ ಗೂಡಿನಲ್ಲಿ ಕುಳಿತಿದ್ದ 'ಫೇರ್ ಅಂಡ್ ಲವ್ಲಿ' ಜುಲೈನಲ್ಲಿ 'ಗ್ಲೋ ಅಂಡ್ ಲವ್ಲಿ' ಆಯಿತು. ಆಗಸ್ಟಿನಲ್ಲಿ ಅಮೆರಿಕದ ಗಾಯಕಿ ಬಿಯಾನ್ಸೆಯ 'ಬ್ರೌನ್ ಸ್ಕಿನ್ ಗರ್ಲ್' ವಿಡಿಯೊ ಯೂಟ್ಯೂಬಿಗೆ ಬಂತು. ಕಂದು ಮತ್ತು ಕಪ್ಪು ಮೈಯ ಹೆಣ್ಣುಮಕ್ಕಳನ್ನು, ಪುಟ್ಟ ಮಕ್ಕಳಿಂದ ಹಿಡಿದು ಹಿರಿಯರವರೆಗೆ, ಅರಮನೆಯ ಚಿತ್ರಪಟದ ಹಾಗೆ ಕೂರಿಸಿ ತೋರಿಸಿದ ವಿಡಿಯೊ ಅದು. ಮರುವರ್ಷ ಅದಕ್ಕೆ ಅತ್ಯುತ್ತಮ ಮ್ಯೂಸಿಕ್ ವಿಡಿಯೊ ಎಂದು ಗ್ರ್ಯಾಮಿ ಪ್ರಶಸ್ತಿಯೂ ಬಂತು.

ಅದಾದ ಕೆಲವೇ ದಿನಗಳಲ್ಲಿ, ಸೆಪ್ಟೆಂಬರಿನಲ್ಲಿ, ನಮ್ಮ ಹಿಂದಿಯ 'ಖಾಲಿ ಪೀಲಿ' ಚಿತ್ರದ ಹಾಡೊಂದು ಬಿಡುಗಡೆಯಾಯಿತು. ಗೋರಿಯಾದ ನಾಯಕಿಯನ್ನು ನೋಡಿದರೆ ಬಿಯಾನ್ಸೆಯೇ ನಾಚಿಕೊಳ್ಳುತ್ತಾಳೆ ಎಂಬುದು ಅದರ ಪಲ್ಲವಿಯ ತಾತ್ಪರ್ಯ. ಕಪ್ಪು ಬಣ್ಣದ ಹೆಮ್ಮೆಯನ್ನು ಜಗತ್ತಿಗೆ ಸಾರಿದ ಕಲಾವಿದೆಯನ್ನೇ ಬಿಳಿ ಬಣ್ಣದ ಮುಂದೆ ನಾಚಿಸಲು ಹೊರಟಿದ್ದರು! ಜನ ಸಿಟ್ಟಾದರು. ಚಿತ್ರದವರು ಗಾಯಕಿಯ ಹೆಸರು ತೆಗೆದು ಅಲ್ಲಿ ದುನಿಯಾ ಎಂದು ಹಾಕಿದರು. ಆದರೆ ಗೋರಿ ಅಲ್ಲೇ ಉಳಿದಳು. ನನ್ನ ಪ್ರಕಾರ ಆ ವರ್ಷದ ಎಲ್ಲ ಬದಲಾವಣೆಗಳ ಕಥೆಯೂ ಹೆಚ್ಚುಕಡಿಮೆ ಇಷ್ಟೇ. ಡಬ್ಬಿಯ ಮೇಲಿನ ಹೆಸರು ಬದಲಾಯಿತು, ಕನ್ನಡಿಯ ಮುಂದೆ ನಿಂತ ಹುಡುಗಿಯ ಆಸೆ ಬದಲಾಗಲಿಲ್ಲ.

ಇಷ್ಟು ಹೊತ್ತು ಹಾಡಿನ ಮಾತಿನ ಬಗ್ಗೆ ಹೇಳಿದೆ. ಅದಕ್ಕಿಂತ ದೊಡ್ಡ ಪಾಠ ಮಾಡುವುದು ಚಿತ್ರ. ನನ್ನ ತಂಗಿಯ ಮಗಳು ಅಂಧೇರಿಯ ಒಂದು ಸ್ಟುಡಿಯೊದಲ್ಲಿ ವಿಡಿಯೊಗಳ ಬಣ್ಣ ಹೊಂದಿಸುವ ಕೆಲಸದಲ್ಲಿದ್ದಾಳೆ. ಒಂದು ಭಾನುವಾರ ಅವಳು ಲ್ಯಾಪ್‌ಟಾಪ್ ತೆರೆದು, "ದೊಡ್ಡಮ್ಮ, ಇಲ್ಲಿ ನೋಡು" ಅಂತ ವೆಕ್ಟರ್‌ಸ್ಕೋಪ್ ಎಂಬ ಒಂದು ದುಂಡನೆಯ ನಕ್ಷೆ ತೋರಿಸಿದಳು. ಚಿತ್ರದಲ್ಲಿ ಯಾವ ಯಾವ ವರ್ಣ ಎಷ್ಟಿದೆ ಎಂದು ಅದು ತೋರಿಸುತ್ತದೆ. ಅದರಲ್ಲಿ ಮನುಷ್ಯರ ಚರ್ಮಕ್ಕೆಂದೇ ಒಂದು ಗೆರೆ ಇದೆ. ಆಫ್ರಿಕದವರಾಗಲಿ, ಯುರೋಪಿನವರಾಗಲಿ, ಬಿಜಾಪುರದವರಾಗಲಿ, ಸರಿಯಾದ ಬೆಳಕಿನಲ್ಲಿ ತೆಗೆದರೆ ಎಲ್ಲರ ಚರ್ಮವೂ ಹೆಚ್ಚುಕಡಿಮೆ ಆ ಒಂದೇ ಗೆರೆಯ ಆಸುಪಾಸು ಬಂದು ಕೂರುತ್ತದೆ. ವ್ಯತ್ಯಾಸವಿರುವುದು ಮುಖ್ಯವಾಗಿ ಎಷ್ಟು ತಿಳಿ, ಎಷ್ಟು ಗಾಢ ಎಂಬುದರಲ್ಲಿ. ನಾನು ಎಷ್ಟೋ ಹೊತ್ತು ಆ ಗೆರೆಯನ್ನೇ ನೋಡುತ್ತಾ ಕುಳಿತೆ. ನಾವೆಲ್ಲ ಒಂದೇ ಎಂದು ಬೋರ್ಡಿನ ಮೇಲೆ ಎಷ್ಟು ವರ್ಷ ಬರೆದಿದ್ದೇನೆ. ಯಂತ್ರಕ್ಕೆ ಅದು ಮೊದಲೇ ಗೊತ್ತಿತ್ತು.

ಆದರೆ ಯಂತ್ರಕ್ಕೆ ಕಲಿಸುವವರು ಮನುಷ್ಯರೇ ತಾನೆ? ರೋಲ್ ಕ್ಯಾಮೆರಾದ ಕಾಲದಲ್ಲಿ ಕೊಡಾಕ್ ಕಂಪನಿ ಫೋಟೊ ಲ್ಯಾಬುಗಳಿಗೆ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. 'ಶರ್ಲಿ ಕಾರ್ಡ್' ಎಂದು ಅದರ ಹೆಸರು. ಅದರಲ್ಲಿದ್ದದ್ದು ಬಿಳಿಯ ಹೆಂಗಸಿನ ಮುಖ. ಆ ಮುಖ ಸರಿಯಾಗಿ ಬಂದರೆ ಬಣ್ಣ ಸರಿಯಿದೆ ಎಂದು ಲೆಕ್ಕ. ಕಪ್ಪು ಮುಖಗಳಲ್ಲಿ ಕಣ್ಣು ಮತ್ತು ಹಲ್ಲು ಬಿಟ್ಟು ಬೇರೇನೂ ಕಾಣುತ್ತಿಲ್ಲ ಎಂದು ತಾಯಂದಿರು ಹೇಳಿದಾಗ ಯಾರೂ ಕಿವಿಗೊಡಲಿಲ್ಲ. ಚಾಕೊಲೇಟಿನವರೂ ಮರದ ಪೀಠೋಪಕರಣದವರೂ ತಮ್ಮ ಸರಕಿನ ಕಂದು ಬಣ್ಣಗಳು ಬೇರೆಬೇರೆಯಾಗಿ ಕಾಣುತ್ತಿಲ್ಲ ಎಂದು ದೂರಿದ ಮೇಲೆ ಫಿಲ್ಮು ಸುಧಾರಿಸಿತು. ನಮ್ಮ ಹಳೆಯ ಗ್ರೂಪ್ ಫೋಟೊಗಳಲ್ಲಿ ಕಪ್ಪಗಿದ್ದವರ ಮುಖ ಮಸಿ ಬಳಿದಂತೆ ಬಂದಿದ್ದರೆ ಅದು ಅವರ ಮುಖದ ತಪ್ಪಲ್ಲ. ಇವತ್ತು ಮೊಬೈಲಿನ 'ಬ್ಯೂಟಿ' ಫಿಲ್ಟರು ಹಾಕಿದರೆ ಎಷ್ಟೋ ಸಲ ಮುಖ ತಾನಾಗಿಯೇ ಒಂದು ಸುತ್ತು ಬೆಳ್ಳಗಾಗುತ್ತದೆ. ಶರ್ಲಿ ಎಲ್ಲಿಗೂ ಹೋಗಿಲ್ಲ, ನಮ್ಮ ಕೈಚೀಲದೊಳಗೇ ಇದ್ದಾಳೆ.

ಮುಖ ಬೆಳ್ಳಗೆ ಮಾಡುವುದು ಎಂಥ ದೊಡ್ಡ ತಾಂತ್ರಿಕ ಕೆಲಸ ಎಂಬುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. 2007ರಲ್ಲಿ ಶಂಕರ್ ನಿರ್ದೇಶಿಸಿದ 'ಶಿವಾಜಿ' ಚಿತ್ರದ ಒಂದು ಹಾಡಿನಲ್ಲಿ ರಜನೀಕಾಂತ್ ಯುರೋಪಿನವರಂತೆ ಬೆಳ್ಳಗೆ ಕಾಣುತ್ತಾರೆ. ಬಿಳಿಯ ನರ್ತಕಿಯೊಬ್ಬಳ ಚರ್ಮದ ಬಣ್ಣವನ್ನು ಕಂಪ್ಯೂಟರಿನಲ್ಲಿ ಅವರ ಮೈಗೆ ಹೊಂದಿಸಿ ಆ ಹಾಡು ಮಾಡಿದರು. ಅಲ್ಲಿ ಅದು ತಮಾಷೆ. ಆ ಹಾಡು ಮುಗಿದ ಮೇಲೂ ರಜನಿ ಎಂದಿನ ರಜನಿಯೇ, ಅವರ ಬಣ್ಣವನ್ನು ಜನ ಪ್ರೀತಿಯಿಂದಲೇ ನೋಡುತ್ತಾರೆ. ನಾಯಕಿಯರಿಗೆ ಈ ರಿಯಾಯಿತಿ ಇದೆಯೇ? ದಕ್ಷಿಣದ ಸಿನಿಮಾಗಳಿಗೆ, ನಮ್ಮ ಕನ್ನಡದ್ದೂ ಸೇರಿ, ನಾಯಕಿಯನ್ನು ಹುಡುಕಿಕೊಂಡು ಮುಂಬಯಿಗೆ ಬರುವುದು ಹೊಸದೇನಲ್ಲ. ಹಾಡಿನಲ್ಲಿ ನಾಯಕನ ಬಣ್ಣ ಹೇಗಿದ್ದರೂ ನಡೆಯುತ್ತದೆ, ಪಕ್ಕದಲ್ಲಿ ಕುಣಿಯುವವಳು ಬೆಳ್ಳಗಿರಬೇಕು, ಹಿಂದೆ ಕುಣಿಯುವವರು ವಿದೇಶದವರಾದರೆ ಇನ್ನೂ ಒಳ್ಳೆಯದು. ಕಪ್ಪು ಹುಡುಗಿಯ ಕಥೆಯೇ ಇದ್ದರೂ ಆ ಪಾತ್ರ ಕಪ್ಪು ಹುಡುಗಿಗೆ ಸಿಗುವುದಿಲ್ಲ. 2019ರ 'ಬಾಲಾ' ಹಿಂದಿ ಚಿತ್ರದಲ್ಲಿ ಮೈಬಣ್ಣದ ಅವಮಾನ ಎದುರಿಸುವ ಪಾತ್ರಕ್ಕೆ ಭೂಮಿ ಪೆಡ್ನೇಕರ್ ಅವರ ಮುಖಕ್ಕೆ ಕಪ್ಪು ಬಳಿದರು. ಚಿತ್ರದ ಉದ್ದೇಶ ಒಳ್ಳೆಯದೇ. ಆದರೆ ನಿಜವಾಗಿ ಕಪ್ಪಗಿರುವ ನಟಿಗೆ ಆ ಅವಕಾಶವೂ ತಪ್ಪಿತಲ್ಲ ಎಂದು ಹಲವರು ಕೇಳಿದ್ದು ನ್ಯಾಯವೇ.

ಈಗ ನಮ್ಮ ಸಂಘದ ವೇದಿಕೆಗೆ ಬರುತ್ತೇನೆ. ನಿವೃತ್ತಿಯಾದ ಮೇಲೆ ರಾಜ್ಯೋತ್ಸವದ ಮಕ್ಕಳ ನೃತ್ಯಕ್ಕೆ ನಾನೂ ಕೈಜೋಡಿಸುತ್ತಿದ್ದೇನೆ. ಹಿಂದಿನ ಒಂದು ವರ್ಷದ ತಾಲೀಮಿನಲ್ಲಿ ಹತ್ತು ವರ್ಷದ ಒಬ್ಬ ಹುಡುಗಿ ಇದ್ದಳು. ತಾಳ ಎಂದರೆ ತಾಳ, ಒಂದು ಹೆಜ್ಜೆ ತಪ್ಪುತ್ತಿರಲಿಲ್ಲ. ಅವಳನ್ನು ಮುಂದಿನ ಸಾಲಿನ ನಡುವೆ ನಿಲ್ಲಿಸಿದೆ. ಮಧ್ಯಾಹ್ನ ನೀರು ಕುಡಿಯಲು ಬಿಟ್ಟಾಗ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಟೀಚರ್, ನನ್ನ ಹಿಂದಿನ ಲೈನ್‌ನ್ಯಾಗ ನಿಲ್ಲಸ್ರಿ. ವಿಡಿಯೊದಾಗ ನಾ ಭಾಳ ಕಪ್ಪ ಕಾಣತೀನಿ. ಎಲ್ಲಾರೂ ಯೂಟ್ಯೂಬ್‌ನ್ಯಾಗ ನೋಡ್ತಾರ್ರಿ."

ಅವಳನ್ನು ಯಾರೂ ಬೈದಿರಲಿಲ್ಲ, ಯಾರೂ ಹಿಂದೆ ಹೋಗು ಎಂದಿರಲಿಲ್ಲ. ತಾನಾಗಿಯೇ ಹಿಂದಿನ ಸಾಲು ಕೇಳಿದಳು. ಮುಂದೆ ನಿಲ್ಲುವವರು ಹೇಗಿರಬೇಕು ಎಂಬುದನ್ನು ನೂರಾರು ವಿಡಿಯೊ ನೋಡಿ ಆಗಲೇ ಕಲಿತುಬಿಟ್ಟಿದ್ದಳು. ನಾನು ಅವಳಿಗೆ ಉಪದೇಶ ಮಾಡಲಿಲ್ಲ. "ನಿನ್ನ ಹೆಜ್ಜೆ ನೋಡಿ ಉಳಿದವರು ಕುಣಿಯೋದು ಮರಿ, ನೀನು ಹಿಂದೆ ಹೋದರೆ ಅವರು ಯಾರನ್ನ ನೋಡಬೇಕು?" ಎಂದೆ. ಕಾರ್ಯಕ್ರಮದ ದಿನ ಅವಳು ಮುಂದೆಯೇ ಕುಣಿದಳು. ಆದರೆ ಅವಳ ಅಮ್ಮ ಅವಳ ಮುಖಕ್ಕೆ ಎಷ್ಟು ಪೌಡರ್ ಹಚ್ಚಿದ್ದರೆಂದರೆ, ಮುಖ ಒಂದು ಬಣ್ಣ, ಕುತ್ತಿಗೆ ಇನ್ನೊಂದು ಬಣ್ಣ. ಆ ತಾಯಿಯನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಮಗಳನ್ನು ಯಾರೂ ನೋಯಿಸದಿರಲಿ ಎಂದು ತಮಗೆ ತಿಳಿದ ಉಪಾಯ ಮಾಡಿದರು, ಅಷ್ಟೆ. ಪೌಡರಿನಲ್ಲಿ ನಿಂತರೆ ಪರವಾಗಿಲ್ಲ. ಮುಂದೆ ವೈದ್ಯರ ಚೀಟಿಯಿಲ್ಲದೆ ಸ್ಟೀರಾಯ್ಡ್ ಬೆರೆತ ಕ್ರೀಮು ತಂದು ತಿಂಗಳುಗಟ್ಟಲೆ ಹಚ್ಚಿ, ಚರ್ಮ ತೆಳುವಾಗಿ, ಬಿಸಿಲಿಗೆ ಉರಿಯೆದ್ದು ಒದ್ದಾಡುವ ಹುಡುಗಿಯರಿದ್ದಾರೆ. ಚರ್ಮವೈದ್ಯರನ್ನು ಕೇಳಿ, ಹೇಳುತ್ತಾರೆ.

ಕೆಲವರು ಹೇಳುತ್ತಾರೆ, "ಹಾಡು ತಾನೆ, ಬಿಡಿ ಟೀಚರ್, ಮಕ್ಕಳು ಕುಣಿದು ಖುಷಿಪಡಲಿ." ಕುಣಿಯಲಿ, ನಾನೂ ಕುಣಿಸುತ್ತೇನೆ. ಬೆಳ್ಳಗಿರುವವರ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಅವರಿಗೂ ಈ ಹಾಡುಗಳು ಸುಖ ಕೊಟ್ಟಿಲ್ಲ. ಬಣ್ಣ ಇದ್ದರೆ ಮೂಗು ಸರಿಯಿಲ್ಲ, ಮೂಗು ಸರಿಯಿದ್ದರೆ ಸೊಂಟ ಸಣ್ಣಗಿಲ್ಲ. ಇನ್ನು ಕೆಲವರು, ಜನ ಕೇಳುವುದನ್ನೇ ಅವರು ಮಾಡುತ್ತಾರೆ ಎನ್ನುತ್ತಾರೆ. ಈ ಮಾತು ಪೂರ್ತಿ ಸರಿಯಲ್ಲ. 'ಮಾರಿ 2' ಚಿತ್ರದ 'ರೌಡಿ ಬೇಬಿ' ಹಾಡು ಯೂಟ್ಯೂಬಿನಲ್ಲಿ ನೂರು ಕೋಟಿ ಸಲ ನೋಡಲ್ಪಟ್ಟ ದಕ್ಷಿಣ ಭಾರತದ ಮೊದಲ ಹಾಡು. ಅದರಲ್ಲಿ ಕುಣಿದ ಸಾಯಿ ಪಲ್ಲವಿ ತಮ್ಮ ಮೊದಲ ದೊಡ್ಡ ಚಿತ್ರ 'ಪ್ರೇಮಂ'ನಲ್ಲಿ ಮುಖದ ಮೊಡವೆಯನ್ನೂ ಮುಚ್ಚದೆ ನಟಿಸಿದವರು, ಫೇರ್‌ನೆಸ್ ಕ್ರೀಮಿನ ಜಾಹೀರಾತನ್ನು ಬೇಡ ಎಂದವರು. ಜನ ನೋಡಿದ್ದು ಆ ಕುಣಿತವನ್ನು. 2021ರಲ್ಲಿ ಬಂದ ತಮಿಳಿನ 'ಎಂಜಾಯ್ ಎಂಜಾಮಿ'ಯನ್ನೂ ನೆನಪಿಸಿಕೊಳ್ಳಿ. ಶ್ರೀಲಂಕಾದ ಚಹಾ ತೋಟಗಳಲ್ಲಿ ದುಡಿದ ತಮ್ಮ ಅಜ್ಜಿ ವಳ್ಳಿಯಮ್ಮಾಳ್ ಅವರ ಬದುಕಿನಿಂದ ಅರಿವು ಕಟ್ಟಿದ ಹಾಡು ಅದು. ಅರಿವು ಜೊತೆ ಹಾಡಿ ಕುಣಿದವರು ಧೀ. ನೆಲದ ಬಣ್ಣದ ಜನ ಅದರಲ್ಲಿ ತಲೆಯೆತ್ತಿ ನಿಂತರು, ಅದೂ ಕೋಟಿಗಟ್ಟಲೆ ಜನರ ಮನೆ ಮುಟ್ಟಿತು.

ಚೆನ್ನೈಯಲ್ಲಿ 'ವಿಮೆನ್ ಆಫ್ ವರ್ತ್' ಸಂಸ್ಥೆಯ ಕವಿತಾ ಇಮ್ಯಾನ್ಯುಯೆಲ್ 2009ರಲ್ಲಿ 'ಡಾರ್ಕ್ ಈಸ್ ಬ್ಯೂಟಿಫುಲ್' ಅಭಿಯಾನ ಶುರು ಮಾಡಿದರು. ಮುಂದೆ ನಟಿ ನಂದಿತಾ ದಾಸ್ ಅದಕ್ಕೆ ದನಿಗೂಡಿಸಿದರು. ಹತ್ತು ವರ್ಷವಾದಾಗ, 2019ರಲ್ಲಿ, ನಂದಿತಾ ಅವರು 'ಇಂಡಿಯಾಸ್ ಗಾಟ್ ಕಲರ್' ಎಂಬ ಮ್ಯೂಸಿಕ್ ವಿಡಿಯೊ ಮಾಡಿದರು. ಯಾವ ಮಾಧ್ಯಮ ಈ ಕಾಯಿಲೆ ಹರಡಿತೋ ಅದೇ ಮಾಧ್ಯಮದಲ್ಲಿ ಮದ್ದು ಕೊಡುವ ಪ್ರಯತ್ನ ಅದು.

ನಾವು ಪಂಢರಪುರದ ಹಾದಿಯಲ್ಲಿ ಬದುಕುವವರು. ಪುರಂದರದಾಸರ ಅಂಕಿತದಲ್ಲೇ ವಿಠಲನಿದ್ದಾನೆ. ಆಷಾಢದಲ್ಲಿ ಆ ಕರಿಯ ದೇವರನ್ನು ನೋಡಲು ಲಕ್ಷಾಂತರ ಜನ ಬಿಸಿಲು ಮಳೆ ಎನ್ನದೆ ನಡೆಯುತ್ತಾರೆ. ನಮ್ಮ ಭಜನಾ ಮಂಡಳಿಯಲ್ಲೂ ಅವನ ರೂಪವನ್ನೇ ಹಾಡುತ್ತೇವೆ. ಮಹಾಭಾರತದ ದ್ರೌಪದಿಗೆ ಕೃಷ್ಣೆ ಎಂಬ ಹೆಸರು ಬಂದದ್ದು ಕಪ್ಪಗಿದ್ದುದರಿಂದಲೇ. ಐದು ಗಂಟೆಗೆ ಭಜನೆ ಮುಗಿಸಿ, ಆರು ಗಂಟೆಗೆ ಸಂಬಂಧದ ವಿಚಾರ ಬಂದಾಗ "ಬಣ್ಣ ಕಮ್ಮಿ" ಎನ್ನುತ್ತೇವಲ್ಲ, ಅದು ವಿಠಲನಿಗೆ ಕೇಳಿಸುವುದಿಲ್ಲವೇ?

ಮುಂಬಯಿಯ ಸ್ಟುಡಿಯೊಗಳನ್ನು ನಾವು ಬದಲಾಯಿಸಲಾರೆವು. ಆದರೆ ಈ ವೇದಿಕೆ ನಮ್ಮದು, ಇಲ್ಲಿನ ವಿಡಿಯೊಗಳೂ ನಮ್ಮವು. ಸಂಘದ ಮುಂದೆ ನನ್ನ ಮೂರು ಬೇಡಿಕೆಗಳಿವೆ.

ಮೊದಲನೆಯದು, ಮಕ್ಕಳ ನೃತ್ಯಕ್ಕೆ ಹಾಡು ಆರಿಸುವಾಗ ತಾಳ ಮಾತ್ರ ಕೇಳಬೇಡಿ, ಸಾಹಿತ್ಯದ ಅರ್ಥವನ್ನು ಮಕ್ಕಳ ಜೊತೆ ಕುಳಿತು ಒಮ್ಮೆ ಓದಿ. ಯಾವ ಮಗುವನ್ನಾದರೂ ಹೊರಗಿಡುವ ಹಾಡಾದರೆ ಕೈಬಿಡಿ. ಜಾನಪದದಿಂದ ಭಾವಗೀತೆಯವರೆಗೆ ಕನ್ನಡದಲ್ಲಿ ಹಾಡಿಗೆ ಬರವಿಲ್ಲ.

ಎರಡನೆಯದು, ಸಾಲು ಕಟ್ಟುವುದು ಎತ್ತರ ನೋಡಿ, ಹೆಜ್ಜೆ ನೋಡಿ ಆಗಲಿ, ಹಾಡಿನ ನಡುವೆ ಸಾಲುಗಳು ಅದಲುಬದಲಾಗಲಿ. ಮೇಕಪ್ಪಿನವರ ಪೆಟ್ಟಿಗೆಯಲ್ಲಿ ಮೂರು-ನಾಲ್ಕು ಬಣ್ಣದ ಫೌಂಡೇಶನ್ ಇರಲಿ. ಮಗುವಿನ ಕುತ್ತಿಗೆಯ ಬಣ್ಣಕ್ಕೆ ಹೊಂದುವುದನ್ನೇ ಹಚ್ಚಲಿ. ವಿಡಿಯೊದವರಿಗೆ ಕಾರ್ಯಕ್ರಮಕ್ಕೆ ಮೊದಲೇ ಹೇಳಿ, ಎಲ್ಲರಿಗಿಂತ ಗಾಢ ಬಣ್ಣದ ಮುಖವೂ ಸ್ಪಷ್ಟವಾಗಿ ಕಾಣುವ ಹಾಗೆ ದೀಪ ಹೊಂದಿಸಿ, ಒಂದು ಪರೀಕ್ಷಾ ಶಾಟ್ ತೆಗೆದು ನೋಡಲಿ. ಇದಕ್ಕೆ ಹೆಚ್ಚು ಖರ್ಚಿಲ್ಲ, ಹತ್ತು ನಿಮಿಷ ಮುಂಚೆ ಬರಬೇಕು ಅಷ್ಟೆ.

ಮೂರನೆಯದು ಸ್ವಲ್ಪ ಕಷ್ಟದ್ದು. ನಮ್ಮ ವಧೂವರರ ಮಾಹಿತಿ ಫಾರಂನಲ್ಲಿ ಇವತ್ತಿಗೂ ಎತ್ತರದ ಕೆಳಗೆ 'ಬಣ್ಣ' ಎಂಬ ಕಾಲಂ ಇದೆ. ಲಾಭಕ್ಕಾಗಿ ನಡೆಯುವ ಕಂಪನಿಯೇ 2020ರಲ್ಲಿ ಅದನ್ನು ತೆಗೆದಿರುವಾಗ, ಸೇವೆಗಾಗಿ ನಡೆಯುವ ಸಂಘಕ್ಕೆ ಅದು ಯಾಕೆ ಬೇಕು? ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಬೇಕೆಂದು ಕಾರ್ಯಾಧ್ಯಕ್ಷೆಯವರಲ್ಲಿ ಈ ವೇದಿಕೆಯಿಂದಲೇ ವಿನಂತಿಸುತ್ತೇನೆ. ಚರ್ಚೆಯಾಗಲಿ, ವಿರೋಧವಿದ್ದವರೂ ಮಾತಾಡಲಿ. ನಾನೂ ಬಂದು ಕೂರುತ್ತೇನೆ.

ನನ್ನ 20 ನಿಮಿಷ ಮುಗಿಯಿತು. ಊಟಕ್ಕೆ ಹೋಗುವ ಮೊದಲು ಆ ಫಾರಂನ ಪ್ರತಿಯೊಂದನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ, ಪಕ್ಕದಲ್ಲಿ ಪೆನ್ನೂ ಇದೆ. ಕಾಲಂ ಬೇಡ ಎನ್ನುವವರು ಕೆಳಗೆ ಸಹಿ ಮಾಡಿ ಹೋಗಿ.